ತಲೆಕೆಳಗಾದ ಟ್ರಾನ್ಸಿಸ್ಟರಿನ ದನಿ

ಟ್ರಾನ್ಸಿಸ್ಟರಿನ ತಯಾರಕರು ಒದಗಿಸುವ ವಿವರಪತ್ರದಲ್ಲಿ, ಅಂದರೆ ಡೇಟಾಶೀಟಿನಲ್ಲಿ, ಮೀರಬಾರದ ಮಿತಿಗಳ ಪಟ್ಟಿಯೊಂದು ಮೊದಲ ಪುಟದಲ್ಲೇ ಇರುತ್ತದೆ. ಹವ್ಯಾಸಿಗಳ ಕೈಯಲ್ಲಿ ಸದಾ ಓಡಾಡುವ 2ಎನ್3904 ಅಥವಾ ಬಿಸಿ547 ಎಂಬ ಸಣ್ಣ ಟ್ರಾನ್ಸಿಸ್ಟರುಗಳ ಪಟ್ಟಿಯನ್ನು ನೋಡಿದರೆ, ಕಲೆಕ್ಟರ್ ಮತ್ತು ಎಮಿಟರ್ ಎಂಬ ಎರಡು ತುದಿಗಳ ನಡುವೆ 40 ಅಥವಾ 45 ವೋಲ್ಟ್ ತಡೆದುಕೊಳ್ಳುವ ಅದೇ ಸಾಧನ, ಎಮಿಟರ್ ಮತ್ತು ಬೇಸ್‌ಗಳ ನಡುವೆ ಉಲ್ಟಾ ದಿಕ್ಕಿನಲ್ಲಿ 6 ವೋಲ್ಟಿಗಿಂತ ಹೆಚ್ಚನ್ನು ಸಹಿಸಲಾರದು ಎಂದು ಬರೆದಿರುವುದು ಕಾಣುತ್ತದೆ. ಸಾಮಾನ್ಯ ಆಂಪ್ಲಿಫೈಯರ್ ಕಟ್ಟುವವರಿಗೆ ಈ ಸಂಖ್ಯೆ ಎಚ್ಚರಿಕೆಯ ಮಾತು ಮಾತ್ರ. ಆದರೆ ಧ್ವನಿಯ ವಿದ್ಯುತ್ ಮಂಡಲಗಳನ್ನು, ಅಂದರೆ ಸರ್ಕ್ಯೂಟುಗಳನ್ನು, ಅದರಲ್ಲೂ ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯದ ಬಿಡಿಭಾಗಗಳನ್ನು, ಸ್ವಂತವಾಗಿ ಕಟ್ಟುವವರ ನಡುವೆ ಈ ಮಿತಿಯನ್ನು ಬೇಕೆಂದೇ ದಾಟುವ ಪದ್ಧತಿ ದಶಕಗಳಿಂದ ಬೆಳೆದು ಬಂದಿದೆ. ಹಾಗೆ ದಾಟಿದ ಟ್ರಾನ್ಸಿಸ್ಟರ್ ಒಂದು ರೀತಿಯ ಜೋಡಣೆಯಲ್ಲಿ ಕಡಲ ಮೊರೆತದಂಥ ಸದ್ದನ್ನು ಕೊಟ್ಟರೆ, ಇನ್ನೊಂದು ಜೋಡಣೆಯಲ್ಲಿ ಒಂದೇ ಶ್ರುತಿಯಲ್ಲಿ ನಿಂತ ಸ್ವರವನ್ನು ಕೊಡುತ್ತದೆ. ಇವೆರಡರ ಹಿಂದಿರುವ ಭೌತಶಾಸ್ತ್ರ ಅಪರೂಪದ್ದೇನೂ ಅಲ್ಲ, ಆದರೆ ಅದನ್ನು ಸರಿಯಾಗಿ ವಿವರಿಸಿದ ಬರಹಗಳು ಕಡಿಮೆ. ತಪ್ಪಾಗಿ ವಿವರಿಸಿದವು ಹೆಚ್ಚು. ವಿವರಣೆ ಸರಿಯಾಗಿದ್ದರೆ ಯಾವ ಟ್ರಾನ್ಸಿಸ್ಟರ್ ಹಾಡೀತು, ಯಾವುದು ಹಾಡಲಾರದು, ಹಾಡಿದರೂ ಶ್ರುತಿ ಏಕೆ ಜಾರುತ್ತದೆ ಎಂಬುದನ್ನು ಲೆಕ್ಕ ಹಾಕಿ ಹೇಳಬಹುದಾದ್ದರಿಂದ, ಈ ವಿಷಯವನ್ನು ಬುಡದಿಂದ ನೋಡುವುದು ಅಗತ್ಯ.

ಎನ್‌ಪಿಎನ್ ಮಾದರಿಯ ಟ್ರಾನ್ಸಿಸ್ಟರ್ ಎಂದರೆ ಸಿಲಿಕಾನ್ ಹರಳಿನಲ್ಲಿ ಒಂದರ ಮೇಲೊಂದು ಕುಳಿತ ಎಮಿಟರ್, ಬೇಸ್, ಕಲೆಕ್ಟರ್ ಎಂಬ ಮೂರು ಪದರಗಳು. ಶುದ್ಧ ಸಿಲಿಕಾನಿಗೆ ಅತ್ಯಲ್ಪ ಪ್ರಮಾಣದಲ್ಲಿ ಬೇರೆ ಧಾತುವನ್ನು ಬೆರೆಸುವುದಕ್ಕೆ ಡೋಪಿಂಗ್ ಎನ್ನುತ್ತಾರೆ. ಈ ಬೆರಕೆಯಿಂದ ಎಲೆಕ್ಟ್ರಾನುಗಳು ಹೆಚ್ಚಾಗಿರುವ ಪದರ ಎನ್ ಎಂದೂ, ಎಲೆಕ್ಟ್ರಾನಿನ ಕೊರತೆ ಇರುವ ತಾಣಗಳು, ಅಂದರೆ ರಂಧ್ರಗಳು, ಹೆಚ್ಚಾಗಿರುವ ಪದರ ಪಿ ಎಂದೂ ಕರೆಸಿಕೊಳ್ಳುತ್ತದೆ. ಎನ್ ಮತ್ತು ಪಿ ಪದರಗಳು ಕೂಡುವ ಗಡಿಯೇ ಸಂಧಿ. ಟ್ರಾನ್ಸಿಸ್ಟರಿನಲ್ಲಿ ಇಂಥ ಸಂಧಿಗಳು ಎರಡು: ಎಮಿಟರಿಗೂ ಬೇಸಿಗೂ ನಡುವಿನದು ಒಂದು, ಕಲೆಕ್ಟರಿಗೂ ಬೇಸಿಗೂ ನಡುವಿನದು ಇನ್ನೊಂದು. ಪಿ ಬದಿಗೆ ಧನ, ಎನ್ ಬದಿಗೆ ಋಣ ವೋಲ್ಟೇಜ್ ಕೊಟ್ಟಾಗ ಸಂಧಿ ಪ್ರವಾಹವನ್ನು ಬಿಡುತ್ತದೆ. ಇದು ಮುಮ್ಮುಖ ಬಯಾಸ್. ಧ್ರುವಗಳನ್ನು ಅದಲುಬದಲು ಮಾಡಿದಾಗ ಗಡಿಯ ಎರಡೂ ಬದಿಯ ವಾಹಕಗಳು ಹಿಂದಕ್ಕೆ ಸರಿದು, ನಡುವೆ ಚಲಿಸುವ ವಾಹಕಗಳೇ ಇಲ್ಲದ ಬರಿದು ವಲಯವೊಂದು ಏರ್ಪಟ್ಟು, ಪ್ರವಾಹ ನಿಂತುಹೋಗುತ್ತದೆ. ಇದು ಹಿಮ್ಮುಖ ಬಯಾಸ್. ಸಾಮಾನ್ಯ ಬಳಕೆಯಲ್ಲಿ ಎಮಿಟರ್ ಸಂಧಿ ಮುಮ್ಮುಖವಾಗಿಯೂ ಕಲೆಕ್ಟರ್ ಸಂಧಿ ಹಿಮ್ಮುಖವಾಗಿಯೂ ಇರುತ್ತವೆ.

ಎರಡು ಸಂಧಿಗಳ ಸಹನಶಕ್ತಿಯಲ್ಲಿ ಇಷ್ಟು ದೊಡ್ಡ ಅಂತರ ಇರುವುದಕ್ಕೆ ಕಾರಣ ಡೋಪಿಂಗಿನ ಪ್ರಮಾಣ. ಎಮಿಟರ್ ತನ್ನ ಎಲೆಕ್ಟ್ರಾನುಗಳನ್ನು ಧಾರಾಳವಾಗಿ ಬೇಸಿನೊಳಕ್ಕೆ ಸುರಿಯಬೇಕಾದ್ದರಿಂದ ಅದಕ್ಕೆ ಬೆರಕೆ ಬಹಳ ಹೆಚ್ಚು. ಕಲೆಕ್ಟರ್ ದೊಡ್ಡ ವೋಲ್ಟೇಜನ್ನು ತಾಳಬೇಕಾದ್ದರಿಂದ ಅದಕ್ಕೆ ಬೆರಕೆ ಕಡಿಮೆ. ಬೆರಕೆ ಹೆಚ್ಚಿದ್ದ ಕಡೆ ಬರಿದು ವಲಯ ತೆಳುವಾಗುತ್ತದೆ, ತೆಳುವಾದ ವಲಯದ ಮೇಲೆ ಕೆಲವೇ ವೋಲ್ಟ್ ಬಿದ್ದರೂ ವಿದ್ಯುತ್ ಕ್ಷೇತ್ರ ಅತಿ ತೀವ್ರವಾಗುತ್ತದೆ. ಆ ತೀವ್ರತೆಯಲ್ಲಿ ಅಕಸ್ಮಾತ್ತಾಗಿ ಒಳಹೊಕ್ಕ ಒಂದು ಎಲೆಕ್ಟ್ರಾನ್ ವೇಗ ಪಡೆದು, ಹರಳಿನ ಅಣುವಿಗೆ ಬಡಿದು, ಅಲ್ಲಿ ಬಂಧಿತವಾಗಿದ್ದ ಮತ್ತೊಂದು ಎಲೆಕ್ಟ್ರಾನನ್ನು ಬಿಡಿಸುತ್ತದೆ. ಈಗ ಎರಡಾದವು ಮತ್ತೆ ಬಡಿದು ನಾಲ್ಕಾಗುತ್ತವೆ. ಈ ಸರಣಿ ಬೆಳವಣಿಗೆಗೆ ಅವಲಾಂಚ್ ಭಂಜನ ಎಂದು ಹೆಸರು. ಬೆಲ್ ಪ್ರಯೋಗಾಲಯದ ಕೆ. ಜಿ. ಮೆಕೇ 1954ರಲ್ಲಿ ಸಿಲಿಕಾನಿನ ಸಂಧಿಗಳಲ್ಲಿ ಈ ಕ್ರಿಯೆಯನ್ನು ವಿವರವಾಗಿ ಪರಿಶೀಲಿಸಿ ಪ್ರಕಟಿಸಿದರು. ಸುಮಾರು 5 ವೋಲ್ಟಿಗಿಂತ ಕೆಳಗೆ ಭಂಜನಗೊಳ್ಳುವ ಸಂಧಿಗಳಲ್ಲಿ ನಡೆಯುವುದು ಬೇರೆಯದೇ ಕ್ರಿಯೆ. ಅಲ್ಲಿ ಎಲೆಕ್ಟ್ರಾನುಗಳು ತಡೆಗೋಡೆಯನ್ನು ಹಾರದೆ ಕ್ವಾಂಟಂ ನಿಯಮದಂತೆ ಸುರಂಗ ಕೊರೆದಂತೆ ದಾಟುತ್ತವೆ. 1934ರಲ್ಲಿ ಇದರ ಸಿದ್ಧಾಂತವನ್ನು ಮುಂದಿಟ್ಟ ಕ್ಲಾರೆನ್ಸ್ ಝೀನರ್ ಅವರ ಹೆಸರೇ ಝೀನರ್ ಡಯೋಡಿಗೆ ಬಂದಿದೆ. ಸಣ್ಣ ಸಿಲಿಕಾನ್ ಟ್ರಾನ್ಸಿಸ್ಟರುಗಳ ಎಮಿಟರ್ ಸಂಧಿ ವಾಸ್ತವದಲ್ಲಿ ಮುರಿಯುವುದು ಡೇಟಾಶೀಟಿನ ಮಿತಿಗಿಂತ ತುಸು ಮೇಲೆ, ಬಹುಮಟ್ಟಿಗೆ 7ರಿಂದ 9 ವೋಲ್ಟಿನ ನಡುವೆ; ಆದ್ದರಿಂದ ಅದು ಪ್ರಧಾನವಾಗಿ ಅವಲಾಂಚ್ ಕ್ರಿಯೆಯೇ. ಮುರಿಯುವುದು ಎಂಬ ಮಾತಿನಿಂದ ಸಾಧನ ನಾಶವಾಯಿತೆಂದು ತಿಳಿಯಬೇಕಾಗಿಲ್ಲ. ಪ್ರವಾಹವನ್ನು ಒಂದು ರೆಸಿಸ್ಟರ್ ಹದದಲ್ಲಿ ಹಿಡಿದಿಟ್ಟರೆ ಭಂಜನದ ಸ್ಥಿತಿಯಲ್ಲೇ ಸಂಧಿ ಗಂಟೆಗಟ್ಟಲೆ ನಿಲ್ಲಬಲ್ಲದು.

ಈ ಗುಣದ ಅತ್ಯಂತ ಸರಳ ಬಳಕೆ ವೋಲ್ಟೇಜ್ ಅಳತೆಗೋಲಾಗಿ. ಝೀನರ್ ಡಯೋಡ್ ಕೈಗೆ ಸಿಗದಾಗ ಎಮಿಟರ್ ಸಂಧಿಯನ್ನೇ ಹಿಮ್ಮುಖವಾಗಿ ಜೋಡಿಸಿ ಏಳೆಂಟು ವೋಲ್ಟಿನ ಸ್ಥಿರ ಬಿಂದುವನ್ನು ಪಡೆಯುವುದು ಹವ್ಯಾಸಿಗಳಿಗೆ ಗೊತ್ತಿರುವ ಉಪಾಯ; ಇಂಟಿಗ್ರೇಟೆಡ್ ಸರ್ಕ್ಯೂಟುಗಳ ವಿನ್ಯಾಸಕರೂ ಪ್ರತ್ಯೇಕ ಝೀನರ್ ರೂಪಿಸುವ ಖರ್ಚನ್ನು ಉಳಿಸಲು ಚಿಪ್ಪಿನೊಳಗೆ ಇದೇ ಸಂಧಿಯನ್ನು ಬಳಸಿದ್ದಾರೆ. ಆದರೆ ಧ್ವನಿಯ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು ಈ ಸ್ಥಿರ ವೋಲ್ಟೇಜಿನ ಮೇಲೆ ಸವಾರಿ ಮಾಡುವ ಅಸ್ಥಿರತೆ. ಅವಲಾಂಚ್ ಸರಣಿ ಯಾವ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ, ಎಷ್ಟು ಬೆಳೆಯುತ್ತದೆ, ಯಾವಾಗ ಆರುತ್ತದೆ ಎಂಬುದು ಪೂರ್ಣವಾಗಿ ಯಾದೃಚ್ಛಿಕ. ಸಂಧಿಯ ಅತಿ ಸಣ್ಣ ಬಿಂದುಗಳಲ್ಲಿ ಕಿಡಿಗಳಂತೆ ಹೊತ್ತಿ ಆರುವ ಈ ಸರಣಿಗಳ ಮೊತ್ತ ವೋಲ್ಟೇಜಿನಲ್ಲಿ ನಿರಂತರವಾದ ನಡುಕವಾಗಿ ಕಾಣಿಸುತ್ತದೆ. ಅದನ್ನು ವರ್ಧಿಸಿ ಸ್ಪೀಕರಿಗೆ ಕೊಟ್ಟರೆ ಕೇಳುವುದು ಬಿಳಿ ಗದ್ದಲ.

ಬಿಳಿ ಗದ್ದಲವೆಂದರೆ ಕೇಳಿಸುವ ಎಲ್ಲ ಆವರ್ತನಗಳೂ, ಅಂದರೆ ಸೆಕೆಂಡಿಗೆ ಇಷ್ಟು ಕಂಪನ ಎಂಬ ಎಲ್ಲ ಶ್ರುತಿಗಳೂ, ಸಮನಾದ ಶಕ್ತಿಯಲ್ಲಿ ಬೆರೆತ ಸದ್ದು. 1,000ದಿಂದ 2,000 ಹರ್ಟ್ಸ್‌ವರೆಗಿನ ಸಪ್ತಕದಲ್ಲಿ ಇರುವುದಕ್ಕಿಂತ ಇಮ್ಮಡಿ ಶಕ್ತಿ 2,000ದಿಂದ 4,000ದವರೆಗಿನ ಸಪ್ತಕದಲ್ಲಿ ಇರುವುದರಿಂದ, ಸಪ್ತಕಗಳ ಲೆಕ್ಕದಲ್ಲಿ ಕೇಳುವ ಕಿವಿಗೆ ಅದು ಹಿಸ್ಸೆನ್ನುವ, ತಾರದ ಕಡೆಗೆ ವಾಲಿದ ಸದ್ದಾಗಿ ತೋರುತ್ತದೆ. ಪ್ರತಿ ಸಪ್ತಕಕ್ಕೆ 3 ಡೆಸಿಬೆಲ್ ಇಳಿಯುವಂತೆ ಸೋಸಿದರೆ ಮಳೆ ಅಥವಾ ಜಲಪಾತದ ಸದ್ದಿಗೆ ಹತ್ತಿರವಾದ ಗುಲಾಬಿ ಗದ್ದಲ ಸಿಗುತ್ತದೆ. ಸ್ವರವಿಲ್ಲದ ಈ ಸದ್ದು ಸಂಗೀತಕ್ಕೆ ಬಹಳ ಬೆಲೆಯುಳ್ಳದ್ದು, ಏಕೆಂದರೆ ಗಾಳಿ, ಅಲೆ, ಉಸಿರು, ಚಪ್ಪಾಳೆ, ಸ್ನೇರ್ ಡ್ರಮ್ಮಿನ ತಂತಿಗಳ ಕೆರೆತ ಮುಂತಾದವೆಲ್ಲ ಗದ್ದಲವನ್ನು ಬೇರೆ ಬೇರೆ ರೀತಿಯಲ್ಲಿ ಸೋಸಿ, ಬೇರೆ ಬೇರೆ ವೇಗದಲ್ಲಿ ಏರಿಸಿ ಇಳಿಸಿದರೆ ಹುಟ್ಟುವಂಥವು. 1970ರಲ್ಲಿ ಬಂದ ಮಿನಿಮೂಗ್ ಸಿಂಥಸೈಜರಿನ ಗದ್ದಲದ ಮೂಲವೂ ಹಿಮ್ಮುಖವಾಗಿ ಭಂಜನಗೊಳಿಸಿದ ಟ್ರಾನ್ಸಿಸ್ಟರ್ ಸಂಧಿಯೇ.

ಇದಕ್ಕಿಂತ ಹೆಚ್ಚು ಹೆಸರಾದದ್ದು ಜಪಾನಿನ ರೋಲ್ಯಾಂಡ್ ಕಂಪನಿಯ ಟಿಆರ್-808 ಎಂಬ ತಾಳಯಂತ್ರ. 1980ರಿಂದ 1983ರವರೆಗೆ ಸುಮಾರು 12,000 ಯಂತ್ರಗಳಷ್ಟೇ ತಯಾರಾದರೂ ಮುಂದೆ ಹಿಪ್‌ಹಾಪ್ ಮತ್ತು ನೃತ್ಯ ಸಂಗೀತದ ಧಾತುವಾಗಿ ಬೆಳೆದ ಈ ಯಂತ್ರದಲ್ಲಿ, ಸ್ನೇರ್, ಚಪ್ಪಾಳೆ ಮತ್ತು ಮರಾಕಾಗಳ ಸದ್ದಿಗೆ ಬೇಕಾದ ಗದ್ದಲವನ್ನು ಕೊಡುತ್ತಿದ್ದುದು 2ಎಸ್‌ಸಿ828 ಮಾದರಿಯ ಒಂದು ಟ್ರಾನ್ಸಿಸ್ಟರ್. ಅದೂ ಸಾಮಾನ್ಯ ಬಳಕೆಗೆ ಒಗ್ಗದಷ್ಟು ಗದ್ದಲ ಮಾಡುತ್ತದೆಂದು ಬೇರ್ಪಡಿಸಿದ ಬಗೆಯದು. (ಅದೇ ಯಂತ್ರದ ಸಿಂಬಲ್ ಮತ್ತು ಹೈಹ್ಯಾಟ್ ಸದ್ದುಗಳು ಗದ್ದಲದಿಂದ ಹುಟ್ಟಿದವಲ್ಲ, ಪರಸ್ಪರ ಶ್ರುತಿಗೂಡದ ಆರು ಚೌಕ ತರಂಗಗಳ ಬೆರಕೆ ಅವು.) ಅರೆವಾಹಕಗಳ ತಯಾರಿಕೆ ಸುಧಾರಿಸುತ್ತ ಹೋದಂತೆ ಇಂಥ ದೋಷಯುಕ್ತ ಬಿಡಿಭಾಗಗಳು ಸಿಗದಾದವು, ಯಂತ್ರದ ತಯಾರಿಕೆ ನಿಲ್ಲಲು ಅದೂ ಕಾರಣವಾಯಿತು ಎಂದು ಕಂಪನಿಯ ಸ್ಥಾಪಕ ಇಕುತಾರೊ ಕಾಕೆಹಾಷಿ ಹೇಳಿದ್ದರು. ಒಬ್ಬರ ಕಾರ್ಖಾನೆಯಲ್ಲಿ ತಿರಸ್ಕೃತವಾದ ವಸ್ತು ಇನ್ನೊಬ್ಬರ ವಾದ್ಯದ ಜೀವಾಳವಾದ ಈ ಪ್ರಸಂಗ ತಂತ್ರಜ್ಞಾನದ ಚರಿತ್ರೆಯಲ್ಲಿ ಇಂದಿಗಿಂತ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ.

ಹವ್ಯಾಸಿಗಳ ಮಂಡಲ ಬಹಳ ಚಿಕ್ಕದು. 12ರಿಂದ 15 ವೋಲ್ಟಿನ ಸರಬರಾಜಿನಿಂದ ಒಂದು ಲಕ್ಷದಿಂದ ಹತ್ತು ಲಕ್ಷ ಓಮ್‌ವರೆಗಿನ ಯಾವುದಾದರೂ ರೆಸಿಸ್ಟರಿನ ಮೂಲಕ ಎಮಿಟರಿಗೆ ಧನ, ಬೇಸಿಗೆ ಗ್ರೌಂಡ್. ಕಲೆಕ್ಟರಿನ ಕಾಲು ಎಲ್ಲಿಗೂ ಸೇರದೆ ಗಾಳಿಯಲ್ಲಿ. 15 ವೋಲ್ಟಿನಲ್ಲಿ 2,20,000 ಓಮ್ ಇಟ್ಟು ಸಂಧಿ 8 ವೋಲ್ಟಿನಲ್ಲಿ ಮುರಿದರೆ ಹರಿಯುವುದು ಸುಮಾರು 32 ಮೈಕ್ರೊಆಂಪಿಯರ್, ಅಂದರೆ ಒಂದು ಆಂಪಿಯರಿನ ಹತ್ತು ಲಕ್ಷ ಭಾಗಗಳಲ್ಲಿ 32 ಭಾಗ. ಎಮಿಟರಿನಿಂದ ಒಂದು ಕೆಪಾಸಿಟರಿನ ಮೂಲಕ ತೆಗೆದ ಗದ್ದಲ ಕೆಲವು ಮಿಲಿವೋಲ್ಟಿನಿಂದ ಹಿಡಿದು ಅದರ ಹತ್ತಾರು ಪಟ್ಟಿನ ತನಕ ಇರಬಹುದು. ಒಂದೇ ಡಬ್ಬಿಯ ಎರಡು ಟ್ರಾನ್ಸಿಸ್ಟರುಗಳೂ ಇದರಲ್ಲಿ ಸಮನಲ್ಲ. ಆದ್ದರಿಂದ ಟ್ರಾನ್ಸಿಸ್ಟರನ್ನು ನೇರವಾಗಿ ಬೆಸುಗೆ ಹಾಕದೆ, ಮೂರು ಕಾಲಿನ ಸಾಕೆಟ್ ಒಂದನ್ನು ಇಟ್ಟು, ಬದಲಿಸಿ ಬದಲಿಸಿ ಕೇಳಿ ಒಳ್ಳೆಯದನ್ನು ಆರಿಸುವುದು ರೂಢಿ. ಮುಂದಿನ ವರ್ಧಕ ನೂರಾರು ಪಟ್ಟು ಹಿಗ್ಗಿಸುವುದರಿಂದ ಸರಬರಾಜಿನಲ್ಲಿರುವ ಗುಂಯ್‌ಗುಡುವಿಕೆಯೂ ಅಷ್ಟೇ ಹಿಗ್ಗುತ್ತದೆ. ಆ ಕಾರಣಕ್ಕೆ ಈ ಪುಟ್ಟ ಭಾಗಕ್ಕೆಂದೇ ಪ್ರತ್ಯೇಕ ರೆಸಿಸ್ಟರ್ ಮತ್ತು ದೊಡ್ಡ ಕೆಪಾಸಿಟರಿನ ಸೋಸುವಿಕೆ ಬೇಕು. ಪ್ರವಾಹ ತೀರಾ ಕಡಿಮೆಯಾದರೆ ಕಿಡಿಗಳು ಬಿಡಿಬಿಡಿಯಾಗಿ ಚಟಪಟ ಸದ್ದಾಗುವುದೂ, ಪ್ರವಾಹ ಹೆಚ್ಚಿದಂತೆ ಗದ್ದಲ ನಯವಾಗುತ್ತ ಮೆದುವಾಗುವುದೂ ಸಾಮಾನ್ಯವಾಗಿ ಕಂಡುಬರುವ ಕ್ರಮ.

ಈ ಬಳಕೆಗೆ ಒಂದು ಬೆಲೆ ಇದೆ. ಭಂಜನದಲ್ಲಿ ವೇಗ ಪಡೆದ ವಾಹಕಗಳಲ್ಲಿ ಕೆಲವು ಸಂಧಿಯ ಅಂಚಿನಲ್ಲಿ ಸಿಲಿಕಾನನ್ನು ಮುಚ್ಚಿರುವ ಆಕ್ಸೈಡ್ ಪದರಕ್ಕೆ ಬಡಿದು ಅಲ್ಲಿ ಹಾನಿಯ ತಾಣಗಳನ್ನು ಉಂಟುಮಾಡುತ್ತವೆ. ಬೇಸಿನ ಪ್ರವಾಹದ ಒಂದು ಪಾಲು ಅಲ್ಲಿ ವ್ಯರ್ಥವಾಗಿ ಸೋರತೊಡಗಿ, ಸಣ್ಣ ಪ್ರವಾಹಗಳಲ್ಲಿ ಟ್ರಾನ್ಸಿಸ್ಟರಿನ ವರ್ಧನೆ ಶಾಶ್ವತವಾಗಿ ಕುಗ್ಗುತ್ತದೆ ಮತ್ತು ಅದರ ಸ್ವಂತ ಗದ್ದಲ ಹೆಚ್ಚುತ್ತದೆ. ಗದ್ದಲದ ಮೂಲವಾಗಿಯೇ ಉಳಿಯುವ ಟ್ರಾನ್ಸಿಸ್ಟರಿಗೆ ಇದರಿಂದ ನಷ್ಟವಿಲ್ಲ. ಆದರೆ ಪ್ರಯೋಗ ಮುಗಿದ ಮೇಲೆ ಅದನ್ನು ಮತ್ತೆ ಡಬ್ಬಿಗೆ ಹಾಕಿ, ಮುಂದೊಂದು ದಿನ ಮೈಕ್ರೊಫೋನಿನ ಮೊದಲ ಹಂತದ ವರ್ಧಕಕ್ಕೆ ಬಳಸುವುದು ತಪ್ಪು. ಮಾಮೂಲಿ ವರ್ಧಕಗಳಲ್ಲೂ ವಿದ್ಯುತ್ ಹಾಕುವಾಗ ಅಥವಾ ತೆಗೆಯುವಾಗ ಕೆಪಾಸಿಟರುಗಳು ಎಮಿಟರ್ ಸಂಧಿಯನ್ನು ಕ್ಷಣಕಾಲ ಭಂಜನಕ್ಕೆ ದೂಡಬಹುದಾದ್ದರಿಂದಲೇ, ಒಳ್ಳೆಯ ವಿನ್ಯಾಸಕರು ಅಲ್ಲಿ ಬೇಸಿಗೂ ಎಮಿಟರಿಗೂ ನಡುವೆ ಉಲ್ಟಾ ಡಯೋಡೊಂದನ್ನು ಕಾವಲಿಗೆ ಇಡುತ್ತಾರೆ.

ಇಷ್ಟರಲ್ಲಿ ಕಲೆಕ್ಟರಿಗೆ ಪಾತ್ರವೇ ಇರಲಿಲ್ಲ. ಟ್ರಾನ್ಸಿಸ್ಟರನ್ನು ಪೂರ್ತಿಯಾಗಿ ತಲೆಕೆಳಗೆ ಮಾಡಿದಾಗ, ಅಂದರೆ ಕಲೆಕ್ಟರ್ ಮಾಡುವ ಕೆಲಸವನ್ನು ಎಮಿಟರಿಗೂ ಎಮಿಟರಿನ ಕೆಲಸವನ್ನು ಕಲೆಕ್ಟರಿಗೂ ವಹಿಸಿದಾಗ, ಎರಡನೆಯ ಗುಣವೊಂದು ಹೊರಬರುತ್ತದೆ. ಎರಡೂ ಕೊನೆಯ ಪದರಗಳು ಎನ್ ಬಗೆಯವೇ ಆದ್ದರಿಂದ ಈ ಅದಲುಬದಲಿನಲ್ಲೂ ಟ್ರಾನ್ಸಿಸ್ಟರ್ ವರ್ಧಿಸಬೇಕು, ವರ್ಧಿಸುತ್ತದೆ ಕೂಡ. ಆದರೆ ತೀರಾ ದುರ್ಬಲವಾಗಿ. ನೇರ ಜೋಡಣೆಯಲ್ಲಿ ಬೇಸಿನ ಪ್ರವಾಹವನ್ನು ನೂರು, ಇನ್ನೂರು ಪಟ್ಟು ಹೆಚ್ಚಿಸುವ ಸಣ್ಣ ಟ್ರಾನ್ಸಿಸ್ಟರ್ ಉಲ್ಟಾ ಜೋಡಣೆಯಲ್ಲಿ ಸಾಮಾನ್ಯವಾಗಿ ಕೆಲವೇ ಪಟ್ಟು ಹೆಚ್ಚಿಸುತ್ತದೆ. ಕಡಿಮೆ ಬೆರಕೆಯ ಕಲೆಕ್ಟರ್ ಎಲೆಕ್ಟ್ರಾನುಗಳನ್ನು ಸುರಿಯುವುದರಲ್ಲಿ ಹಿಂದೆ ಬೀಳುವುದು ಒಂದು ಕಾರಣ. ಅಗಲವಾದ ಕಲೆಕ್ಟರಿನಿಂದ ಹೊರಟವುಗಳಲ್ಲಿ ಎಷ್ಟೋ ಚಿಕ್ಕದಾದ ಎಮಿಟರಿನ ಗುರಿ ತಪ್ಪುವುದು ಇನ್ನೊಂದು. ಈ ಉಲ್ಟಾ ಸಾಮರ್ಥ್ಯದ ಅಳತೆಗೆ ಹಿಮ್ಮುಖ ವರ್ಧನಾಂಕ ಎನ್ನಬಹುದು.

ಕೆಲಸಕ್ಕೆ ಬಾರದ್ದೆಂದು ತೋರುವ ಈ ವರ್ಧನಾಂಕ ಮನೆಯ ಧ್ವನಿಯಂತ್ರಗಳೊಳಗೆ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ. ಕ್ಯಾಸೆಟ್ ಡೆಕ್ಕು ಅಥವಾ ಸಿಡಿ ಪ್ಲೇಯರಿಗೆ ವಿದ್ಯುತ್ ಹಾಕಿದ ಕೂಡಲೇ ಸ್ಪೀಕರಿನಲ್ಲಿ ಧಡ್ ಎನ್ನುವ ಸದ್ದು ಬಾರದಂತೆ, ಹೊರಹೋಗುವ ಸಂಕೇತವನ್ನು ಕೆಲವು ಕ್ಷಣ ಗ್ರೌಂಡಿಗೆ ಇಳಿಸಿ ಹಿಡಿಯುವ ಮ್ಯೂಟ್ ಟ್ರಾನ್ಸಿಸ್ಟರುಗಳು ಅಲ್ಲಿರುತ್ತವೆ. ಧ್ವನಿಯ ಸಂಕೇತ ಧನ ಮತ್ತು ಋಣ ಎರಡೂ ಕಡೆ ತೂಗುತ್ತದೆ. ಧನ ಅರ್ಧದಲ್ಲಿ ಟ್ರಾನ್ಸಿಸ್ಟರ್ ನೇರವಾಗಿಯೂ ಋಣ ಅರ್ಧದಲ್ಲಿ ತಲೆಕೆಳಗಾಗಿಯೂ ಕೆಲಸ ಮಾಡಬೇಕಾಗುತ್ತದೆ. ತೋಷಿಬಾ ಕಂಪನಿಯ 2ಎಸ್‌ಸಿ2878 ಎಂಬುದು ಇದಕ್ಕೆಂದೇ ರೂಪಿಸಿದ್ದು: ಅದರ ಹಿಮ್ಮುಖ ವರ್ಧನಾಂಕ ಸುಮಾರು 150, ಎಮಿಟರ್ ಸಂಧಿಯ ಹಿಮ್ಮುಖ ಸಹನೆ 25 ವೋಲ್ಟ್. ಎರಡನೆಯ ಸಂಖ್ಯೆಗೂ ಕಾರಣವಿದೆ. ಸಂಗೀತ ಹರಿಯುತ್ತಿರುವಾಗ ಟ್ರಾನ್ಸಿಸ್ಟರ್ ಪೂರ್ಣವಾಗಿ ಮುಚ್ಚಿಕೊಂಡಿರಲು ಬೇಸನ್ನು ಸಂಕೇತದ ಋಣ ತುದಿಗಿಂತಲೂ ಕೆಳಗೆ ಎಳೆದಿಡಬೇಕಾಗುತ್ತದೆ, ಆಗ ಗ್ರೌಂಡಿಗೆ ಕಟ್ಟಿದ ಎಮಿಟರಿಗೂ ಬೇಸಿಗೂ ನಡುವೆ ಅಷ್ಟೂ ವೋಲ್ಟೇಜ್ ಉಲ್ಟಾ ಬೀಳುತ್ತದೆ. ಹಳೆಯ ಯಂತ್ರ ದುರಸ್ತಿ ಮಾಡುವವರು ಈ ಟ್ರಾನ್ಸಿಸ್ಟರಿನ ಜಾಗದಲ್ಲಿ ಕೈಗೆ ಸಿಕ್ಕ ಬಿಸಿ547 ಹಾಕಿದಾಗ ಮ್ಯೂಟ್ ಅರೆಬರೆಯಾಗುವುದೂ, ದೊಡ್ಡ ಸದ್ದಿನಲ್ಲಿ ಸಂಗೀತ ಒಡೆಯುವುದೂ ಇದೇ ಕಾರಣದಿಂದ.

ಗದ್ದಲದ ಮಂಡಲದಲ್ಲಿ ಕೆಲಸ ಮಾಡುವುದು ಭಂಜನ ಮಾತ್ರ. ಮ್ಯೂಟ್ ಮಂಡಲದಲ್ಲಿ ಹಿಮ್ಮುಖ ವರ್ಧನೆ ಮಾತ್ರ. ಎರಡೂ ಒಂದೇ ಟ್ರಾನ್ಸಿಸ್ಟರಿನಲ್ಲಿ ಏಕಕಾಲಕ್ಕೆ ಕೂಡಿದಾಗ ಮೂರನೆಯದೊಂದು ಹುಟ್ಟುತ್ತದೆ, ಅದೇ ಹವ್ಯಾಸಿಗಳನ್ನು ಹೆಚ್ಚು ಸೆಳೆದಿರುವ ಹಿಮ್ಮುಖ ಅವಲಾಂಚ್ ಆಸಿಲೇಟರ್, ಅಂದರೆ ತನಗೆ ತಾನೇ ಕಂಪಿಸುವ ಮಂಡಲ. ಬಿಡಿಭಾಗಗಳು ಮೂರೇ: ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. ಸರಬರಾಜಿನಿಂದ ರೆಸಿಸ್ಟರಿನ ಮೂಲಕ ಕೆಪಾಸಿಟರ್ ತುಂಬುತ್ತದೆ. ಕೆಪಾಸಿಟರಿನ ಧನ ತುದಿಗೆ ಎಮಿಟರ್, ಗ್ರೌಂಡಿಗೆ ಕಲೆಕ್ಟರ್, ಬೇಸಿನ ಕಾಲು ಎಲ್ಲಿಗೂ ಸೇರುವುದಿಲ್ಲ. ನಲ್ಲಿಯ ಕೆಳಗಿಟ್ಟ ಪಾತ್ರೆ ಒಂದು ಮಟ್ಟಕ್ಕೆ ತುಂಬಿದ ಕೂಡಲೇ ತಾನಾಗಿ ಮಗುಚಿ, ಅರೆಬರಿದಾಗಿ, ಮತ್ತೆ ನೆಟ್ಟಗೆ ನಿಂತು ತುಂಬಿಕೊಳ್ಳುವಂತೆ, ಕೆಪಾಸಿಟರಿನ ವೋಲ್ಟೇಜ್ ಮೆಲ್ಲನೆ ಏರಿ ಥಟ್ಟನೆ ಇಳಿಯುತ್ತ ಗರಗಸದ ಹಲ್ಲಿನಾಕಾರದ ತರಂಗವಾಗುತ್ತದೆ. ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಎಲ್ಲ ಉಪಸ್ವರಗಳೂ ಇರುವ ಈ ತರಂಗ, ಬೆಸ ಪಟ್ಟಿನವು ಮಾತ್ರ ಇರುವ ಚೌಕ ತರಂಗಕ್ಕಿಂತ ತುಂಬಿದ ನಾದವುಳ್ಳದ್ದು. ಸಿಂಥಸೈಜರಿನಲ್ಲಿ ಸೋಸುಕಕ್ಕೆ ಒಡ್ಡಲು ಅತ್ಯಂತ ಯೋಗ್ಯವಾದದ್ದು.

ಟ್ರಾನ್ಸಿಸ್ಟರ್ ಏಕೆ ಹೀಗೆ ಮಗುಚಿಕೊಳ್ಳುತ್ತದೆ ಎಂಬಲ್ಲಿಯೇ ತಪ್ಪು ವಿವರಣೆ ಹರಡಿರುವುದು. ಪ್ರವಾಹ ಹೆಚ್ಚಿದಂತೆ ವೋಲ್ಟೇಜ್ ಕಡಿಮೆಯಾಗುವ ಗುಣವನ್ನು ಋಣ ರೋಧ ಎನ್ನುತ್ತಾರೆ. ಲಿಯೊ ಎಸಾಕಿ 1957ರಲ್ಲಿ, ಮುಂದೆ ಸೋನಿ ಎಂದು ಹೆಸರಾದ ಕಂಪನಿಯಲ್ಲಿದ್ದಾಗ, ಬೆರಕೆ ಅತಿಯಾದ ಜರ್ಮೇನಿಯಂ ಡಯೋಡಿನಲ್ಲಿ ಇಂಥ ಋಣ ರೋಧವನ್ನು ಕಂಡು, ಅದು ಸುರಂಗ ಕ್ರಿಯೆಯಿಂದ ಉಂಟಾದದ್ದೆಂದು ತೋರಿಸಿ, 1973ರಲ್ಲಿ ಐವಾರ್ ಯೇವರ್ ಮತ್ತು ಬ್ರಯನ್ ಜೋಸೆಫ್‌ಸನ್ ಅವರೊಡನೆ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡರು. ತಲೆಕೆಳಗಾದ ಟ್ರಾನ್ಸಿಸ್ಟರಿನಲ್ಲೂ ಋಣ ರೋಧ ಕಂಡದ್ದರಿಂದ ಅದಕ್ಕೂ ಎಸಾಕಿಯವರ ಹೆಸರನ್ನೇ ಅಂಟಿಸಿದವರಿದ್ದಾರೆ. ಇದು ಸರಿಯಲ್ಲ. ಎಸಾಕಿ ಡಯೋಡ್ ಋಣ ರೋಧ ತೋರುವುದು ಮುಮ್ಮುಖ ಬಯಾಸಿನಲ್ಲಿ, ಒಂದು ವೋಲ್ಟಿಗಿಂತ ಬಹಳ ಕೆಳಗೆ. ಇಲ್ಲಿ ನಡೆಯುವುದು ಹಿಮ್ಮುಖ ಬಯಾಸಿನಲ್ಲಿ, ಏಳೆಂಟು ವೋಲ್ಟಿನಲ್ಲಿ. ಹೊರಗಿನ ನಡವಳಿಕೆ ಒಂದೇ ತೆರನಾಗಿದ್ದರೂ ಒಳಗಿನ ಕಾರಣಗಳು ಬೇರೆ.

ನಿಜವಾದ ಕಾರಣ ಹೀಗಿದೆ. ಎಮಿಟರಿಗೆ ಧನ, ಕಲೆಕ್ಟರಿಗೆ ಋಣ ಕೊಟ್ಟಾಗ ಎಮಿಟರ್ ಸಂಧಿ ಹಿಮ್ಮುಖವಾಗಿಯೂ ಕಲೆಕ್ಟರ್ ಸಂಧಿ ಮುಮ್ಮುಖವಾಗಿಯೂ ಇರುತ್ತವೆ. ಇದು ತಲೆಕೆಳಗಾದ ವರ್ಧಕವೇ ಸರಿ. ವೋಲ್ಟೇಜ್ ಏರಿ ಎಮಿಟರ್ ಸಂಧಿಯಲ್ಲಿ ಅವಲಾಂಚ್ ಆರಂಭವಾದಾಗ ಹುಟ್ಟಿದ ರಂಧ್ರಗಳು ಬೇಸಿಗೆ ಬಂದು ಸೇರುತ್ತವೆ. ಬೇಸಿಗೆ ಹೊರದಾರಿ ಇಲ್ಲದ್ದರಿಂದ ಅವು ಕಲೆಕ್ಟರ್ ಸಂಧಿಯನ್ನೇ ದಾಟಬೇಕು, ಅಂದರೆ ಬೇಸಿನ ಪ್ರವಾಹವಾಗಿಯೇ ಕೆಲಸ ಮಾಡಬೇಕು. ಅದಕ್ಕೆ ಉತ್ತರವಾಗಿ ಕಲೆಕ್ಟರ್ ಇನ್ನಷ್ಟು ಎಲೆಕ್ಟ್ರಾನುಗಳನ್ನು ಬೇಸಿಗೆ ಸುರಿಯುತ್ತದೆ, ಅವು ಎಮಿಟರ್ ಸಂಧಿಯ ತೀವ್ರ ಕ್ಷೇತ್ರವನ್ನು ಹೊಕ್ಕು ಅವಲಾಂಚನ್ನು ಮತ್ತಷ್ಟು ಬೆಳೆಸುತ್ತವೆ. ಪ್ರವಾಹ ಅತ್ಯಲ್ಪವಾಗಿದ್ದಾಗ ವಾಹಕಗಳಲ್ಲಿ ಬಹುಪಾಲು ಸಂಧಿಯೊಳಗೇ ಕೂಡಿ ನಾಶವಾಗುವುದರಿಂದ ಹಿಮ್ಮುಖ ವರ್ಧನಾಂಕ ನಗಣ್ಯ. ಆಗ ಸಂಧಿಯ ಪೂರ್ಣ ಭಂಜನ ವೋಲ್ಟೇಜೇ ಬೇಕು. ಪ್ರವಾಹ ಏರಿದಂತೆ ವರ್ಧನಾಂಕ ಹೆಚ್ಚುತ್ತದೆ, ವರ್ಧನೆ ಕೈಜೋಡಿಸಿದ ಮೇಲೆ ಸರಣಿಯನ್ನು ಜೀವಂತ ಇಡಲು ಅಷ್ಟು ವೋಲ್ಟೇಜಿನ ಅಗತ್ಯವೇ ಉಳಿಯುವುದಿಲ್ಲ. ಆದ್ದರಿಂದ ಹೊತ್ತಿಕೊಳ್ಳುವುದು ಎಂಟೂವರೆ ವೋಲ್ಟಿನಲ್ಲಾದರೆ ಉರಿಯುತ್ತಿರುವುದು ಏಳರ ಆಸುಪಾಸಿನಲ್ಲಿ. ಈ ಒಂದೂವರೆ ವೋಲ್ಟಿನ ಅಂತರವೇ ಕಿವಿಗೆ ಕೇಳುವ ತರಂಗದ ಎತ್ತರ. ಕೆಪಾಸಿಟರಿನ ಸಂಗ್ರಹ ಮುಗಿದು ಪ್ರವಾಹ ಕುಗ್ಗಿದಾಗ ವರ್ಧನಾಂಕ ಬಿದ್ದು ಸರಣಿ ಆರುತ್ತದೆ, ಕೆಪಾಸಿಟರ್ ಮತ್ತೆ ತುಂಬತೊಡಗುತ್ತದೆ.

ಈ ವಿವರಣೆ ಸರಿಯೆಂದು ಒಪ್ಪಿದರೆ ಹಲವು ಸಂಗತಿಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಹಿಮ್ಮುಖ ವರ್ಧನಾಂಕವೇ ತೀರಾ ಕಡಿಮೆ ಇರುವ ಟ್ರಾನ್ಸಿಸ್ಟರಿನಲ್ಲಿ ಎರಡು ವೋಲ್ಟೇಜುಗಳ ನಡುವೆ ಅಂತರವೇ ಉಳಿಯದೆ ಅದು ಹಾಡುವುದಿಲ್ಲ, ಬರಿಯ ಝೀನರಿನಂತೆ ನಿಲ್ಲುತ್ತದೆ. ಡೇಟಾಶೀಟುಗಳು ಸಾಮಾನ್ಯವಾಗಿ ಈ ವರ್ಧನಾಂಕವನ್ನು ನಮೂದಿಸದೆ ಬಿಡುವುದರಿಂದ ಒಂದೇ ಸಂಖ್ಯೆ ಹೊತ್ತ, ಬೇರೆ ಬೇರೆ ತಯಾರಕರ ಟ್ರಾನ್ಸಿಸ್ಟರುಗಳಲ್ಲಿ ಒಂದು ಹಾಡಿ ಇನ್ನೊಂದು ಮೌನವಾಗಿರುವುದರಲ್ಲಿ ಸೋಜಿಗವಿಲ್ಲ. 2ಎನ್2222 ಮತ್ತು ಎಸ್9018 ಹವ್ಯಾಸಿಗಳಲ್ಲಿ ಚೆನ್ನಾಗಿ ಹಾಡುವವೆಂದು ಹೆಸರು ಪಡೆದಿವೆ. ಎಸ್ಎಲ್100 ಎಂಬ ಲೋಹದ ಟೋಪಿಯ ಟ್ರಾನ್ಸಿಸ್ಟರ್ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಓದಿದವರಿಗೆಲ್ಲ ಪರಿಚಿತ, ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ಇವೆಲ್ಲವನ್ನೂ ಬಿಡಿಯಾಗಿ ಕೊಳ್ಳಬಹುದು. ಯಾವ ಸಂಖ್ಯೆಯಾದರೂ ನಾಲ್ಕಾರು ತಂದು ಪರೀಕ್ಷಿಸುವುದೇ ದಾರಿ, ಪರೀಕ್ಷೆಗೆ ಬೇಕಾದದ್ದು ಮಲ್ಟಿಮೀಟರ್ ಮತ್ತು 12ರಿಂದ 18 ವೋಲ್ಟಿನ ಸರಬರಾಜು ಅಷ್ಟೇ. ಒಂದೇ 9 ವೋಲ್ಟಿನ ಬ್ಯಾಟರಿ ಬಹುಪಾಲು ಸಾಲುವುದಿಲ್ಲ. ಹೊತ್ತಿಕೊಳ್ಳುವ ಮಟ್ಟವೇ ಅದರ ಹತ್ತಿರ ಇರುವುದರಿಂದ ಎರಡನ್ನು ಸಾಲಾಗಿ ಜೋಡಿಸಬೇಕಾಗುತ್ತದೆ.

ಶ್ರುತಿಯ ಲೆಕ್ಕವೂ ಕಷ್ಟದ್ದಲ್ಲ. ಸರಬರಾಜು 12 ವೋಲ್ಟ್, ಹೊತ್ತುವ ಮಟ್ಟ 8.5, ಆರುವ ಮಟ್ಟ 7 ಎಂದು ಇಟ್ಟುಕೊಂಡು, 10,000 ಓಮ್ ರೆಸಿಸ್ಟರ್ ಮತ್ತು 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಬಳಸಿದರೆ, ಇವೆರಡರ ಗುಣಲಬ್ಧವಾದ 10 ಮಿಲಿಸೆಕೆಂಡನ್ನು 5 ಭಾಗಿಸು 3.5 ಎಂಬುದರ ಸ್ವಾಭಾವಿಕ ಲಾಗರಿತಮ್ಮಿನಿಂದ ಗುಣಿಸಬೇಕು. ಒಂದು ಕಂಪನಕ್ಕೆ ಸುಮಾರು 3.57 ಮಿಲಿಸೆಕೆಂಡ್ ಹಿಡಿಯುತ್ತದೆ, ಅಂದರೆ ಸೆಕೆಂಡಿಗೆ 280 ಕಂಪನ. ಕೆಪಾಸಿಟರನ್ನು ಅರ್ಧಕ್ಕೆ ಇಳಿಸಿದರೆ ಶ್ರುತಿ ಸರಿಯಾಗಿ ಒಂದು ಸಪ್ತಕ ಮೇಲೇರುತ್ತದೆ. ಅದೇ ಸೂತ್ರ ಈ ಮಂಡಲದ ದೌರ್ಬಲ್ಯವನ್ನೂ ತೋರಿಸುತ್ತದೆ. ಸರಬರಾಜು 12ರಿಂದ 11.5ಕ್ಕೆ ಇಳಿದರೆ 280 ಇದ್ದದ್ದು 247ಕ್ಕೆ ಬೀಳುತ್ತದೆ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಎರಡು ಮನೆಗಿಂತ ಹೆಚ್ಚು ಕೆಳಗೆ. ಹವೆ ಬಿಸಿಯಾದಂತೆ ಅವಲಾಂಚಿನ ಭಂಜನ ವೋಲ್ಟೇಜ್ ಏರುತ್ತದೆ, ಏಕೆಂದರೆ ಬಿಸಿ ಹರಳಿನಲ್ಲಿ ಅಣುಗಳ ಕಂಪನಕ್ಕೆ ಸಿಲುಕಿ ಎಲೆಕ್ಟ್ರಾನುಗಳು ಬೇಗ ವೇಗ ಕಳೆದುಕೊಳ್ಳುತ್ತವೆ. ಹೊತ್ತುವ ಮಟ್ಟ 0.04 ವೋಲ್ಟ್ ಮಾತ್ರ ಏರಿದರೂ ಶ್ರುತಿ ಸುಮಾರು ಶೇಕಡ 3ರಷ್ಟು, ಅಂದರೆ ಅರ್ಧ ಮನೆಯಷ್ಟು, ಇಳಿಯುತ್ತದೆ. ರಾಗ ನುಡಿಸುವ ವಾದ್ಯಕ್ಕೆ ಇದನ್ನು ನೇರವಾಗಿ ಬಳಸಲಾಗದು. ಸ್ಥಿರಗೊಳಿಸಿದ ಸರಬರಾಜು ಕೊಟ್ಟು, ಶಬ್ದವಿನ್ಯಾಸಕ್ಕೆ, ತಾಳಕ್ಕೆ, ನಿಧಾನವಾಗಿ ಏರಿಳಿಯುವ ನಿಯಂತ್ರಣಕ್ಕೆ ಬಳಸಿದರೆ ಅದರ ಚಾಂಚಲ್ಯ ದೋಷವಾಗುವುದಿಲ್ಲ.

ಕಟ್ಟುವವರು ಗಮನಿಸಬೇಕಾದ ಇನ್ನೆರಡು ವಿಷಯಗಳಿವೆ. ರೆಸಿಸ್ಟರ್ ಬಹಳ ಚಿಕ್ಕದಾದರೆ ಅದರ ಮೂಲಕ ಬರುವ ಪ್ರವಾಹವೇ ಸರಣಿಯನ್ನು ಆರದಂತೆ ಉರಿಸುತ್ತಿದ್ದು ಕಂಪನ ನಿಲ್ಲುತ್ತದೆ. ಆದ್ದರಿಂದ ಶ್ರುತಿ ಬದಲಿಸಲು ಪೊಟೆನ್ಷಿಯೋಮೀಟರ್ ಇಟ್ಟಾಗ ಅದರೊಂದಿಗೆ ಸಾಲಾಗಿ ಒಂದು ಸ್ಥಿರ ರೆಸಿಸ್ಟರ್ ಇರಲೇಬೇಕು. ಕೆಪಾಸಿಟರಿನಿಂದ ನೇರವಾಗಿ ಸಂಕೇತ ತೆಗೆದರೆ ಮುಂದಿನ ಮಂಡಲ ಅದರ ಪ್ರವಾಹವನ್ನು ಕದ್ದು ಶ್ರುತಿಯನ್ನು ಕೆಡಿಸುತ್ತದೆ. ನಡುವೆ ಅತ್ಯಲ್ಪ ಪ್ರವಾಹ ಸೆಳೆಯುವ ಆಪ್‌ಆಂಪ್ ಬಫರ್ ಬೇಕು. ಟ್ರಾನ್ಸಿಸ್ಟರಿನ ದಾರಿಯಲ್ಲಿ ಒಂದು ಎಲ್‌ಇಡಿ ದೀಪ ಸೇರಿಸಿದರೆ ಪ್ರತಿ ಮಗುಚುವಿಕೆಗೂ ಅದು ಮಿಂಚುತ್ತದೆ, ಆ ಮಿಂಚನ್ನು ಬೆಳಕಿಗೆ ಸ್ಪಂದಿಸುವ ರೆಸಿಸ್ಟರಿನ ಮೇಲೆ ಬೀಳಿಸಿ ಇನ್ನೊಂದು ಆಸಿಲೇಟರಿನ ಶ್ರುತಿಯನ್ನು ಅಲುಗಿಸುವುದು ಹವ್ಯಾಸಿಗಳ ಅಚ್ಚುಮೆಚ್ಚಿನ ತಂತ್ರ. ದೀಪ ತನ್ನ ಪಾಲಿನ ಸುಮಾರು 2 ವೋಲ್ಟ್ ತಿನ್ನುವುದರಿಂದ ಸರಬರಾಜು ಅಷ್ಟು ಹೆಚ್ಚಿರಬೇಕು.

ಬಿಟ್ಟುಬಿಟ್ಟ ಬೇಸಿನ ಕಾಲನ್ನು ಕತ್ತರಿಸಿ ಎಸೆಯುವವರೇ ಹೆಚ್ಚು. ಅದನ್ನು ಉಳಿಸಿಕೊಳ್ಳುವುದು ಲೇಸು. ಮೇಲಿನ ವಿವರಣೆಯಂತೆ ಬೇಸಿಗೆ ಹೊರಗಿನಿಂದ ಸಣ್ಣ ಪ್ರವಾಹ ಹರಿಸಿದರೆ ವರ್ಧನೆ ಮೊದಲೇ ಎಚ್ಚೆತ್ತು, ಪೂರ್ಣ ಮಟ್ಟ ಮುಟ್ಟುವ ಮುನ್ನವೇ ಟ್ರಾನ್ಸಿಸ್ಟರ್ ಹೊತ್ತಿಕೊಳ್ಳಬೇಕು. ಒಂದು ಆಸಿಲೇಟರಿನ ಇಳಿತದ ಕ್ಷಣದಲ್ಲಿ ಬರುವ ಚುರುಕಾದ ಮಿಡಿತವನ್ನು ದೊಡ್ಡ ರೆಸಿಸ್ಟರ್ ಮತ್ತು ಪುಟ್ಟ ಕೆಪಾಸಿಟರಿನ ಮೂಲಕ ಇನ್ನೊಂದರ ಬೇಸಿಗೆ ಧನ ದಿಕ್ಕಿನಲ್ಲಿ ಒಯ್ದರೆ, ತುಸು ನಿಧಾನವಾಗಿದ್ದ ಎರಡನೆಯದು ಮೊದಲನೆಯದರ ಹೆಜ್ಜೆಗೆ ಕಟ್ಟಿಬೀಳುತ್ತದೆ. ಎರಡನೆಯದರ ಸಹಜ ಶ್ರುತಿ ಮೊದಲನೆಯದರ ಅರ್ಧಕ್ಕೆ ಹತ್ತಿರವಿದ್ದರೆ ಅದು ಸರಿಯಾಗಿ ಒಂದು ಸಪ್ತಕ ಕೆಳಗೆ, ಮೂರನೆಯ ಒಂದು ಭಾಗಕ್ಕೆ ಹತ್ತಿರವಿದ್ದರೆ ಅದಕ್ಕೂ ಕೆಳಗಿನ ಪಂಚಮದ ಅಂತರದಲ್ಲಿ ನಿಲ್ಲುತ್ತದೆ. ಬಿಡಿಯಾಗಿದ್ದಾಗ ಹವೆಗೂ ಬ್ಯಾಟರಿಗೂ ಅಲುಗುತ್ತಿದ್ದ ಎರಡು ಸ್ವರಗಳು ಒಟ್ಟಾಗಿ ಜಾರಿದರೂ ತಮ್ಮ ನಡುವಿನ ಅಂತರವನ್ನು ಬಿಡುವುದಿಲ್ಲ.